ಹಿಂದಿನ ಟೈರಿನ ಹತ್ತಿರದ ಕೂಗು

ತಪ್ಪು ಶುರುವಾದದ್ದು ನನ್ನಿಂದ, ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹೆಣದ ಮುಂದೆ ಹಾಡುವ ಲ್ಯಾಟಿನ್ ಹಾಡೊಂದಕ್ಕೆ ಲಾರಿ ಕ್ಲೀನರನ ಕೂಗನ್ನು ಜೋಡಿಸಿ ಹಾಡಿದವನು ನಾನು. ನಗಿಸಲಿಕ್ಕೆ, ಅಷ್ಟೇ. ಸತ್ತವರ ದನಿ ಕೇಳಿಸಿತು ಎಂದು ಯಾರಾದರೂ ಹೇಳಿದರೆ ಅವರದೇ ದನಿಯಲ್ಲಿ ಅದನ್ನು ತಿರುಗಿ ಹೇಳಿ ಮಾನ ಕಳೆಯುತ್ತಿದ್ದೆ. ಈಗ ಅಂಥದ್ದನ್ನು ನಾನೇ ಹೇಳುತ್ತಿದ್ದೇನೆ. ನೀವೂ ನನ್ನನ್ನು ಅಣಕಿಸಬಹುದು, ಆದರೆ ಮಿಮಿಕ್ರಿಯವನಾದ ನನ್ನ ಸ್ವಂತ ದನಿ ಯಾವುದೆಂದು ಹುಡುಕುವುದು ಕಷ್ಟ. ಕಂಪ್ಲಿಯಿಂದ ಅಪ್ಪ ಫೋನ್ ಮಾಡಿದರೆ ಮೊದಲು ಕೇಳುವುದೇ, "ಲೇ, ಇವತ್ತು ಯಾರ ಗಂಟಲಾಗ ಮಾತಾಡಾಕತ್ತಿ?"

ಅದಿರಿನ ಲಾರಿಗಳು ಹೊಸಪೇಟೆಯನ್ನು ಬಿಡುವಿಲ್ಲದೆ ತುಳಿಯುತ್ತಿದ್ದ ವರ್ಷಗಳವು. ಒಣಹಾಕಿದ ಬಿಳಿ ಪಂಚೆ ಕೆಂಪು ಧೂಳಿಗೆ ಸಂಜೆಯೊಳಗೆ ಕಾವಿಯಾಗುತ್ತಿತ್ತು, ನಮ್ಮ ಓಣಿಯ ಗಂಡಸರೆಲ್ಲ ಪುಕ್ಕಟೆ ಸನ್ಯಾಸಿಗಳು. ನನ್ನ ಬಾಡಿಗೆ ಕೋಣೆಯ ಪಕ್ಕದ ಮನೆ ಫಿಲೋಮಿನಮ್ಮನದು. ಅವಳ ಒಬ್ಬನೇ ಮಗ ಇನ್ನಾಸಿ ಅದಿರು ಲಾರಿಯ ಕ್ಲೀನರ್, ನನ್ನ ಗೆಳೆಯ. ಲಾರಿ ಹಿಂದಕ್ಕೆ ಬರುವಾಗ ಹಿಂದಿನ ಟೈರಿನ ಪಕ್ಕ ನಿಂತು "ಬರ್ಲಿ, ಬರ್ಲಿ, ಬರ್ಲಿ... ಹೋಲ್ಡಾನ್" ಎಂದು ಕೂಗಿ ಲಾರಿ ನಿಲ್ಲಿಸುವುದು ಅವನ ಕೆಲಸ. ಕೊನೆಯ ಆ 'ಡಾ'ವನ್ನು ಅವನು ಎಳೆಯುತ್ತಿದ್ದ ರೀತಿ ಬೇರೆ ಯಾವ ಕ್ಲೀನರನಿಗೂ ಇರಲಿಲ್ಲ. ನನಗೆ ಮಾತ್ರ ಬರುತ್ತಿತ್ತು. ಗೋಡೆಯಾಚೆಯಿಂದ ನಾನು ಹಾಗೆ ಕೂಗಿದಾಗಲೆಲ್ಲ ಫಿಲೋಮಿನಮ್ಮ ರೊಟ್ಟಿ ಬಡಿಯುವುದನ್ನು ಬಿಟ್ಟು ಕಣ್ಣೀರು ಬರುವಷ್ಟು ನಗುತ್ತಿದ್ದಳು. "ಸಾಕು ಬಿಡಲೇ, ರೊಟ್ಟಿ ಹೊತ್ತತೈತಿ."

ಇನ್ನಾಸಿ ಭಾನುವಾರ ಚರ್ಚಿನಲ್ಲಿ ಹಾಡುತ್ತಿದ್ದ. ಅವನ ಜೊತೆ ನಾನೂ ಹಣೆಯ ವಿಭೂತಿ ಸಮೇತ ಹೋಗಿ ಹಾಡುವವರ ಸಾಲಿನಲ್ಲಿ ನಿಲ್ಲುತ್ತಿದ್ದೆ. ಕಲಿಸುತ್ತಿದ್ದವರು ಅಂತೋಣಿ ಮೇಷ್ಟ್ರು, ರೈಲ್ವೆಯಿಂದ ನಿವೃತ್ತರಾದವರು. ಪಕ್ಕವಾದ್ಯವಿಲ್ಲದೆ ಲ್ಯಾಟಿನ್ನಿನಲ್ಲಿ ಹಾಡುವ ಹಳೆಯ ಗ್ರೆಗೋರಿಯನ್ ಗಾನವೆಂದರೆ ಅವರಿಗೆ ಪ್ರಾಣ. "ನಿಮ್ಮ ಸಿನಿಮಾದಾಗ ಮಾತು ತಾಳದ ಹಿಂದ ಓಡತೈತಿ. ಇಲ್ಲಿ ರಾಗ ಮಾತಿನ ಹಿಂದ ನಡೀಬೇಕು. ಮಾತು ಉಸಿರು ತಗೊಂಡ್ರ ರಾಗ ನಿಂದ್ರಬೇಕು" ಎನ್ನುತ್ತಿದ್ದರು. ಹೆಣದ ಮುಂದಿನ ಆ ಹಾಡಿನಲ್ಲಿ ವಿಶ್ರಾಂತಿ ಎಂಬ ಅರ್ಥದ ಒಂದು ಪದವಿತ್ತು. ಅದರ ಒಂದೇ ಒಂದು ಸ್ವರವನ್ನು ಏರಿಸಿ, ಇಳಿಸಿ, ಉಸಿರು ಮುಗಿಯುವವರೆಗೆ ಎಳೆಯಬೇಕು. ಇಷ್ಟು ಯಾಕೆ ಎಳೆಯಬೇಕೆಂದು ನಾನು ಕೇಳಿದ್ದಕ್ಕೆ, "ನಾವು ಹೇಳಿದ್ದು ಆತು. ಕೇಳೋನು ಇನ್ನಾ ದೂರ ಅದಾನ, ಅದಕ್ಕ" ಎಂದರು.

ಅದೇ ಜಾಗಕ್ಕೆ ನಾನು ಇನ್ನಾಸಿಯ 'ಹೋಲ್ಡಾನ್' ತುರುಕಿದೆ. ಹೇಳಿ ಮಾಡಿಸಿದ ಹಾಗೆ ಕೂತಿತು. ಇನ್ನಾಸಿ ನಕ್ಕು ನಕ್ಕು ಬೆಂಚಿನ ಕೆಳಗೆ ಹೋದ. ಮೇಷ್ಟ್ರು ಮಾತ್ರ ನಗಲಿಲ್ಲ. "ಬರೋಬರಿ ಕುಂತೈತಿ. ಅದಕ್ಕ ನನಗ ಸಿಟ್ಟು" ಎಂದರು.

ಹದಿನೈದು ದಿನ ಕಳೆದಿರಬೇಕು. ಸಂಡೂರು ರಸ್ತೆಯ ಒಂದು ಅದಿರು ಯಾರ್ಡಿನಲ್ಲಿ, ಹಿಂದಕ್ಕೆ ಬಂದ ಲಾರಿ ಇನ್ನಾಸಿಯನ್ನು ಗೋಡೆಗೆ ಒತ್ತಿ ಕೊಂದಿತು. ಮನೆಗೆ ಬಂದ ಯಾರ್ಡಿನ ಸೂಪರ್‌ವೈಜರ್ ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು ಹೇಳಿದ: "ಅವ ಕೂಗಲೇ ಇಲ್ರಿ. ಕೂಗಿದ್ರ ಡ್ರೈವರ್ ನಿಂದರಿಸ್ತಿದ್ದ." ಅಲ್ಲಿಗೆ ಮುಗಿಯಿತು, ತಪ್ಪೆಲ್ಲ ಸತ್ತವನದು. ದಿನಕ್ಕೆ ನೂರು ಸಲ ಕೂಗುವವನು ತನ್ನ ಜೀವಕ್ಕೆ ಬಂದಾಗ ಬಾಯಿ ಮುಚ್ಚಿಕೊಂಡು ನಿಂತನಂತೆ. ನಿದ್ದೆಗೆಟ್ಟ ಡ್ರೈವರನನ್ನು ಮತ್ತೊಂದು ಟ್ರಿಪ್ಪಿಗೆ ಅಟ್ಟಿದ್ದು ಯಾರು ಎಂಬ ಮಾತೇ ಇಲ್ಲ. ಫಿಲೋಮಿನಮ್ಮ ಬೇರೇನನ್ನೂ ಕೇಳಲಿಲ್ಲ. ಬಂದವರ ಕೈ ಹಿಡಿದು, "ನನ್ನ ಮಗ ಕೂಗ್ಯಾನ ಅಂತ ಒಬ್ರರ ಹೇಳ್ರಿ" ಎಂದಳು. ಯಾರ್ಡಿನವರು ಕೈ ಬಿಡಿಸಿಕೊಂಡು ಹೊರಟರು.

ಮರುದಿನ ಮಧ್ಯಾಹ್ನ ಶವಪೆಟ್ಟಿಗೆ ಹೊತ್ತು ಹೊರಟೆವು. ಸ್ಮಶಾನದ ರಸ್ತೆಯೂ ಅದಿರಿನ ರಸ್ತೆಯೇ. ಕಣ್ಣು ಹಾಯುವವರೆಗೆ ಲಾರಿಗಳು, ಒಂದೊಂದೂ ಹೆಣಕ್ಕೆ ಹಾರ್ನ್ ಹೊಡೆಯುತ್ತಿತ್ತು. ಅದೇ ಸೂಪರ್‌ವೈಜರ್ ರಸ್ತೆ ಬದಿಗೆ ನಿಂತು, ನಮ್ಮನ್ನು ಅಂಚಿಗೆ ಸರಿಸಿ ಲಾರಿಗಳನ್ನು ಮುಂದೆ ಬಿಡುತ್ತಿದ್ದ. ಮೇಷ್ಟ್ರು ಹಾಡು ಎತ್ತಿದರು. ನಮ್ಮ ಹಾಡು ನಮಗೇ ಕೇಳಿಸುತ್ತಿರಲಿಲ್ಲ. ಆ ದಿನ ನಾನು ತಮಾಷೆ ಮಾಡಲಿಲ್ಲ, ಬೈಯಬೇಕಾದ ಬೈಗುಳವನ್ನೆಲ್ಲ ನುಂಗಿಕೊಂಡು ಆ ಲ್ಯಾಟಿನ್ನನ್ನೇ ಹಾಡಿದೆ. ವಿಶ್ರಾಂತಿಯ ಆ ಪದ ಬಂತು. ಸ್ವರ ಎಳೆಯತೊಡಗಿದೆವು.

ಲಾರಿಗಳು ನಿಂತವು, ಎಲ್ಲವೂ ಒಟ್ಟಿಗೆ. ಬ್ರೇಕಿನ ಗಾಳಿ ಬುಸ್ಸೆಂದಿತು, ಹಾರ್ನುಗಳು ಅಡಗಿದವು. ಡ್ರೈವರುಗಳು ಒಬ್ಬೊಬ್ಬರೇ ಕೆಳಗಿಳಿದು, ತಮ್ಮ ತಮ್ಮ ಲಾರಿಯ ಹಿಂದಕ್ಕೆ ಹೋಗಿ, ಕುಕ್ಕರಗಾಲಲ್ಲಿ ಕೂತು ಹಿಂದಿನ ಟೈರಿನ ಕೆಳಗೆ ಬಗ್ಗಿ ನೋಡಿದರು. ಆ ಸಾಲು ಕಾಣುವವರೆಗೂ ಅದೇ.

ಹತ್ತಿರದವನನ್ನು ಏನಾಯಿತೆಂದು ಕೇಳಿದೆ. "ಯಾರೋ ಹೋಲ್ಡಾನ್ ಅಂದ್ರಲ್ಲ, ಟೈರಿನ ಹತ್ರ" ಎಂದ. ಅವನ ಕ್ಲೀನರ್ ಕ್ಯಾಬಿನ್ನಿನಲ್ಲಿ ಗೊರಕೆ ಹೊಡೆಯುತ್ತಿದ್ದ. ಕಾಲುವೆ ಸೇತುವೆಯ ಹತ್ತಿರ, ನಮ್ಮ ಹಾಡು ಮುಟ್ಟಲಾರದಷ್ಟು ದೂರದಲ್ಲಿ ನಿಂತಿದ್ದವನೂ ಆಮೇಲೆ ಅದನ್ನೇ ಹೇಳಿದ. ನನಗೆ ಆ ಕೂಗು ಕೇಳಿಸಲಿಲ್ಲ.

ಮಣ್ಣು ಮಾಡಿದ ಮೇಲೆ ಸೂಪರ್‌ವೈಜರ್ ಸ್ಮಶಾನದೊಳಗೇ ಬಂದು ನನ್ನ ಕಾಲರ್ ಹಿಡಿದ. "ಕೂಗಿದ್ದು ಈ ಮಿಮಿಕ್ರಿ ಸೂಳೆಮಗನ. ಅವನ ದನಿ ಇವನೊಬ್ಬಗ ಬರತೈತಿ." ನನ್ನ ಪಕ್ಕ ನಿಂತು ಹಾಡಿದ್ದ ಮೇಷ್ಟ್ರು, "ಇವನ ಬಾಯಾಗ ಬರೇ ಹಾಡಿತ್ತು" ಎಂದರು. ನಾನೂ ಹಾಗೆಂದು ಆಣೆ ಮಾಡಬಹುದಿತ್ತು. ಆಗಲಿಲ್ಲ. ಹಾಡಿನ ಆ ಪದಕ್ಕೂ 'ಹೋಲ್ಡಾನ್'ಗೂ ನನ್ನ ಗಂಟಲಲ್ಲಿ ಒಂದೇ ಜಾಗ ಮಾಡಿಕೊಟ್ಟವನು ನಾನೇ. ಒಂದು ವೇಳೆ ನಾನೇ ಕೂಗಿದ್ದರೂ, ಒಂದೊಂದು ಲಾರಿಯ ಹಿಂದಿನ ಟೈರಿನ ಹತ್ತಿರವೂ ಅದು ಹೇಗೆ ಕೇಳಿಸಿತು?

ಫಿಲೋಮಿನಮ್ಮ ಎದ್ದು ಬಂದಳು. ಮಗನ ಸಮಾಧಿಯ ಮಣ್ಣು ಅಂಟಿದ ಕೈಯಿಂದ ಸೂಪರ್‌ವೈಜರನ ಬೆರಳುಗಳನ್ನು ನನ್ನ ಕಾಲರಿನಿಂದ ಒಂದೊಂದಾಗಿ ಬಿಡಿಸಿದಳು.

"ಆ ಕೂಗು ನಾನೂ ಕೇಳೀನಿ. ಇವ ಕೂಗಿದ್ರ ನನಗ ನಗು ಬರ್ತಿತ್ರೀ, ಸಾಹೇಬ್ರ."