ಅಪ್ಪನ ಕೈಯ ಕೀ ವಾಚು

ಗೆಳೆಯರೇ, ಇವತ್ತು ನಂಜನಗೂಡಿನ ನಮ್ಮ ಮನೆಯಲ್ಲಿ ನನ್ನ ಮದುವೆಯ ಮಾತುಕತೆ. ನರಸೀಪುರದ ಹುಡುಗ ನನ್ನನ್ನು ಒಪ್ಪಿದ. ಖುಷಿಯಲ್ಲಿ ಅಪ್ಪ, "ಮದುವೆಗೆ ಅಳಿಯಂದ್ರಿಗೆ ಯಾವ ವಾಚು ತರೋಣ?" ಅಂದರು.

"ಹೊಸದು ಬ್ಯಾಡ ಮಾವ. ನಿಮ್ಮ ಕೈಲಿರೋ ಕೀ ಕೊಡೋ ವಾಚೇ ಕೊಡಿ," ಅಂದ ಹುಡುಗ.

ಅವನ ಅಪ್ಪನಿಗೆ ಮುಜುಗರ. "ಲೇ, ಮೊಬೈಲಲ್ಲೇ ಟೈಮ್ ಐತಲ್ಲ, ಹಳೇದ್ಯಾಕ್ಲಾ?"

"ಮೊಬೈಲು ಟಿಕ್ ಟಿಕ್ ಅನ್ನಲ್ಲ ಕಣಪ್ಪ."

ನಮ್ಮಪ್ಪ ವಾಚಿನ ಮೇಲೆ ಅಂಗೈ ಮುಚ್ಚಿದರು. "ಇದು ನಮ್ಮ ಮಾವ ಮದುವೇಲಿ ನಂಗೆ ಕೊಟ್ಟಿದ್ದು."

"ಹಂಗಾದ್ರೆ ಈಗ ಅಳಿಯನಿಗೇ ಬರಬೇಕಲ್ವಾ ಮಾವ?"

ಬಾಗಿಲ ಹಿಂದೆ ನಾನು ಕುಣಿಯುವುದೊಂದು ಬಾಕಿ. ಕಾಫಿ ಲೋಟ ಕೆಳಗಿಡುವಷ್ಟರಲ್ಲಿ ನನ್ನನ್ನು ಕೊಡಲು ಒಪ್ಪಿದ್ದ ಅಪ್ಪ, ವಾಚಿಗೆ ಮಾತ್ರ ಗಂಭೀರವಾಗಿ ಹೇಳಿದರು: "ಮನೇಲಿ ಮಾತಾಡಿ ತಿಳಿಸ್ತೀವಿ."