ಕತ್ತರಿ ಮಾಸ್ಟರ ಏಳು ಬೀಜ

ಮೂವತ್ತೊಂದು ವರ್ಷ ಬಟ್ಟೆ ಹೊಲಿದ ಮಾಸ್ಟರ ಬಲಗೈಗೆ ಒಂದು ಚಟ. ಎಲ್ಲಿ ಎಳೆ ನೇತಾಡಿದರೂ ಕಚಕ್. ಗಿರಾಕಿಯ ಅಂಗಿ, ಪಕ್ಕದಲ್ಲಿ ಕೂತವರ ಟವೆಲು, ಒಮ್ಮೆ ಬೀಗರ ಶಾಲಿನ ಕುಚ್ಚು. ಶಾಲು ಬೋಳಾಯಿತು, ಬೀಗರ ಮಾತೂ ಅಲ್ಲಿಗೇ ಕಟ್ಟಾಯಿತು. ಬೀದಿಯವರು ಕತ್ತರಿ ಮಾಸ್ಟರ್ ಅನ್ನುವುದು ಸುಮ್ಮನೆ ಅಲ್ಲ.

ಅಂಥವರ ಕೈಗೆ ಅಕ್ಕ ಬಂದು ಏಳು ಸೌತೆ ಬೀಜ ಕೊಟ್ಟಳು. ಅಮ್ಮ ವರ್ಷಾ ವರ್ಷಾ ಬಿತ್ತಿ, ಬೀಜ ತೆಗೆದಿಟ್ಟು ಉಳಿಸಿಕೊಂಡು ಬಂದ ತಳಿ. ಅಮ್ಮನ ನಂತರ ಅಕ್ಕ ನೋಡಿಕೊಂಡಿದ್ದಳು. ಈ ಸಲ ಅವಳ ಬಳ್ಳಿಗಳೆಲ್ಲ ರೋಗ ಬಂದು ಒಣಗಿದ್ದವು.

"ಇಷ್ಟೇ ಕಣೋ ಉಳಿದಿರೋದು. ನನ್ನ ಮಣ್ಣೇ ಕೆಟ್ಟಿದೆ. ನೀನು ಬಕೆಟ್‌ನಲ್ಲಿ ಹೊಸ ಮಣ್ಣು ತುಂಬಿ ಹಾಕು. ಒಂದೇ ಒಂದು ಕಾಯಿ ಹಣ್ಣಾದರೂ ಸಾಕು."

"ನನ್ನ ಅಳತೆ ತಪ್ಪೋದಿಲ್ಲ ಅಕ್ಕ."

"ನನಗೆ ಭಯ ಅಳತೇದಲ್ಲ, ನಿನ್ನ ಕತ್ತರೀದು."

ಅಂಗಡಿಯ ಮೇಲೇ ಮನೆ, ಮನೆಗೊಂದು ಪುಟ್ಟ ಬಾಲ್ಕನಿ. ಎರಡು ಹಳೇ ಪೇಂಟ್ ಬಕೆಟ್‌ಗಳ ತಳಕ್ಕೆ ತೂತು ಹೊಡೆದು, ಮಣ್ಣು ಗೊಬ್ಬರ ತುಂಬಿ, ಉಗುರಿನಷ್ಟು ಆಳಕ್ಕೆ ಬೀಜ ಇಳಿಸಿದರು. ಅವತ್ತಿನಿಂದ ಗಂಟೆಗೊಮ್ಮೆ ಮೆಟ್ಟಿಲು ಹತ್ತೋದು, ಇಳಿಯೋದು.

"ರೀ, ಬೆರಳು ಹಾಕಿ ಕೆದಕಬೇಡಿ. ಅದು ಟ್ರಯಲ್‌ಗೆ ಎದ್ದು ಬರಲ್ಲ," ಎಂದಳು ಗುಂಡಿ ಹಾಕುತ್ತಿದ್ದ ಹೆಂಡತಿ.

ಆರನೇ ದಿನ ಎರಡು ಮೊಳಕೆ ಎದ್ದವು. ಉಳಿದ ಐದು ಏಳಲೇ ಇಲ್ಲ. ಎದ್ದ ಎರಡರಲ್ಲಿ ಒಂದು ಮಾಸ್ಟರ ಪ್ರೀತಿಯಿಂದಲೇ ಕೊಳೆಯಿತು. ದಿನಕ್ಕೆ ಮೂರು ಸಲ ನೀರು ಹೊಯ್ದರೆ ಇನ್ನೇನಾಗುತ್ತೆ. ಉಳಿದದ್ದು ಒಂದೇ ಬಳ್ಳಿ. ಅದಕ್ಕೆ ಕಂಬಿಯಿಂದ ದಾರ ಇಳಿಬಿಟ್ಟರು, ಹತ್ತಿತು.

ಒಂದು ಬೆಳಿಗ್ಗೆ ಕೋಟಿನ ಗಿರಾಕಿಯ ಫೋನು. ಕುತ್ತಿಗೆಯಲ್ಲಿ ಟೇಪು, ಭುಜಕ್ಕೂ ಕಿವಿಗೂ ನಡುವೆ ಫೋನು, ಕೈಯಲ್ಲಿ ಕತ್ತರಿ. "ಸಂಜೆಗೆ ರೆಡಿ ಸಾರ್" ಅನ್ನುತ್ತ ಬಾಲ್ಕನಿಗೆ ಬಂದರು. ಬಳ್ಳಿಯ ಮೈತುಂಬ ತೆಳ್ಳಗೆ, ಸುರುಳಿ ಸುರುಳಿ ಎಳೆಗಳು. ಗಮನ ಗಿರಾಕಿಯ ಮಾತಿನ ಮೇಲಿತ್ತು, ಕೈ ತನ್ನ ಕೆಲಸ ಮಾಡಿತು. ಫೋನ್ ಇಡುವಷ್ಟರಲ್ಲಿ ಬಳ್ಳಿ ನೀಟಾಗಿತ್ತು.

ಹೆಂಡತಿ ಬಾಗಿಲಲ್ಲೇ ನಿಂತಳು. "ರೀ, ಅವು ಅದರ ಕೈಗಳು. ದಾರ ಹಿಡ್ಕೊಳ್ಳೋ ಕೈಗಳು."

ಮಾಸ್ಟರ್ ದಾರ ತರಲು ಓಡಿದರು. ಬಳ್ಳಿಯನ್ನು ಹತ್ತಾರು ಕಡೆ ಕಟ್ಟುವ ಮೊದಲೇ ಗಾಳಿ ಬೀಸಿತು. ಬಳ್ಳಿ ಜಾರಿ, ಮಣ್ಣಿನಿಂದ ಗೇಣು ಮೇಲೆ ಮಡಚಿಕೊಂಡು ಬಿತ್ತು. ಕಾಂಡ ಅರ್ಧ ಸೀಳಿತ್ತು, ಉಳಿದರ್ಧ ಸಿಪ್ಪೆಯ ಆಧಾರದಲ್ಲಿ ನಿಂತಿತ್ತು. ಕಾಲರಿಗೆ ಹಾಕುವ ಗಟ್ಟಿ ಬಟ್ಟೆ ಸುತ್ತಿ, ಹತ್ತಿಯ ಪಟ್ಟಿ ಬಿಗಿದರು.

ಕತ್ತರಿಯನ್ನು ಡ್ರಾಯರಿನಲ್ಲಿಟ್ಟು ಕೀಲಿಯನ್ನು ಹೆಂಡತಿಗೆ ಕೊಟ್ಟರು. ಮೂರು ದಿನ ಬಟ್ಟೆ ಕತ್ತರಿಸಿದ್ದು ಅವಳೇ. ಎಲೆಗಳು ಜೋತೇ ಇದ್ದವು. ಅಕ್ಕನ ಫೋನ್ ಬಂದಾಗಲೆಲ್ಲ "ಚೆನ್ನಾಗಿದೆ" ಅಂದರು, ಆಮೇಲೆ ನೀರು ಕುಡಿದರು. ನಾಲ್ಕನೇ ದಿನ ತುದಿ ತಲೆ ಎತ್ತಿತು.

ಹೂ ಬಂತು, ಆದರೆ ಆ ಬಾಲ್ಕನಿಗೆ ಜೇನ್ನೊಣ ಬರಲಿಲ್ಲ. ಗಂಡು ಹೂವಿನ ದಳ ಬಿಡಿಸಿ ಹೆಣ್ಣು ಹೂವಿಗೆ ತಾವೇ ಸವರಿದರು. "ಈ ವಯಸ್ಸಲ್ಲಿ ಮದುವೆ ಬ್ರೋಕರ್ ಕೆಲಸ," ಎಂದಳು ಹೆಂಡತಿ. ನಿಂತದ್ದು ಒಂದೇ ಕಾಯಿ. ಅದು ಹಳದಿಗೆ ತಿರುಗುತ್ತಿದ್ದಂತೆ ಬಳ್ಳಿ ಕೆಳಗಿನಿಂದ ಒಣಗುತ್ತ ಬಂತು. ಬೀಜ ಬಲಿಯುವುದು ಮೊದಲೋ, ಬಳ್ಳಿ ಹೋಗುವುದು ಮೊದಲೋ?

ಕಾಯಿ ಪೂರ್ತಿ ಹಳದಿಯಾದ ದಿನ ಹೆಂಡತಿಯೇ ಕೊಯ್ದು, ಬೀಜವಿದ್ದ ತಿರುಳನ್ನು ಲೋಳೆ ಬಿಡಲೆಂದು ಲೋಟದಲ್ಲಿ ಹುಳಿಯಲು ಇಟ್ಟಳು. ಮೂರನೇ ದಿನ ಅಕ್ಕ ಬಂದಳು. ಒಣಗಿದ ಬಳ್ಳಿಯ ಪಟ್ಟಿ ಮುಟ್ಟಿ ನೋಡಿದಳು.

"ಇದೇನೋ?"

"ನಾನೇ ಕತ್ತರಿಸಿದೆ ಅಕ್ಕ. ಎಳೆ ಅಂದ್ಕೊಂಡೆ. ಈಗ ಕತ್ತರಿ ಡ್ರಾಯರಿನ ಕೀಲಿ ಇವಳ ಹತ್ರ."

ಅಕ್ಕ ಪಟ್ಟಿ ಬಿಟ್ಟು ಒಳಗೆ ಬಂದಳು. ಲೋಟಕ್ಕೆ ನೀರು ಸುರಿದಳು. ಪೊಳ್ಳು ತೇಲುತ್ತೆ, ಗಟ್ಟಿ ಮುಳುಗುತ್ತೆ. ಬೀಜಗಳೆಲ್ಲ ಗಿರ್ರನೆ ಸುತ್ತಿ ಮೇಲಕ್ಕೇ ಬಂದವು. ಒಂದು ಇಳಿಯಿತು. ಇನ್ನೊಂದು.

"ಮುಳುಗಿದರೆ ಖುಷಿಪಡೋ ವ್ಯವಹಾರ ಇದೊಂದೇ," ಎಂದಳು ಹೆಂಡತಿ.

ಕೊನೆಗೆ ತಳದಲ್ಲಿ ಹನ್ನೆರಡು. ನೆರಳಲ್ಲಿ ಒಣಗಿದ ಮೇಲೆ ಅಕ್ಕ ಎರಡು ಪೊಟ್ಟಣ ಕಟ್ಟಿದಳು. "ಆರು ನಂಗೆ, ಆರು ನಿಂಗೆ." ಆಮೇಲೆ ತಮ್ಮನ ಹೆಂಡತಿಯತ್ತ ತಿರುಗಿ, "ಕೀಲಿ ಮಾತ್ರ ನಿನ್ನ ಹತ್ರಾನೇ ಇರಲಿ," ಎಂದಳು.

ಪೊಟ್ಟಣದ ದಾರದ ತುದಿ ಎರಡಿಂಚು ನೇತಾಡುತ್ತಿತ್ತು. ಮಾಸ್ಟರ್ ಅದನ್ನೇ ನೋಡಿದರು. ಬಲಗೈಯನ್ನು ಜೇಬಿಗೆ ಹಾಕಿಕೊಂಡರು.