ಹೊಗೆ ಬಿಡದ ಕಾರಿನ ತೆರಿಗೆ

ಬಾಗಲಕೋಟೆಯ ನವನಗರದಲ್ಲಿ, ವಾಹನ ನೋಂದಣಿ ಮಾಡುವ ಕಚೇರಿಯ ಎದುರು, ಬೇವಿನ ಮರದ ಕೆಳಗೆ ಒಂದು ಮೇಜು, ಎರಡು ಕುರ್ಚಿ ಹಾಕಿಕೊಂಡು ನಾನು ಹನ್ನೊಂದು ವರ್ಷ ಏಜೆಂಟ್ ಕೆಲಸ ಮಾಡಿದೆ. ಫಾರ್ಮು ತುಂಬುವುದು, ತೆರಿಗೆ ಕಟ್ಟಿಸುವುದು, ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುವುದು ನನ್ನ ದಿನಚರಿ. ಒಳಗಿನ ನೌಕರರಿಗಿಂತ ಹೊರಗೆ ಕೂತ ನಮಗೇ ಜನ ಹೆಚ್ಚು ಹೆದರುತ್ತಿದ್ದರು. ಆ ಹೆದರಿಕೆ ನನಗೆ ರುಚಿಸುತ್ತಿತ್ತು.

ಎರಡು ಸಾವಿರದ ಐದೋ ಆರೋ ಇರಬೇಕು. ಒಂದು ಬೆಳಿಗ್ಗೆ ಎರಡೇ ಬಾಗಿಲಿನ ಪುಟ್ಟ ಕಾರೊಂದು ಸದ್ದಿಲ್ಲದೆ ಬಂದು ನನ್ನ ಮೇಜಿನ ಪಕ್ಕ ನಿಂತಿತು. ಅದು ಬಂದದ್ದೇ ಗೊತ್ತಾಗದೆ ನಾನು ಬೆಚ್ಚಿಬಿದ್ದೆ. ಸುತ್ತಲಿನವರು ನಕ್ಕರು. ಒಳಗಿನಿಂದ ಊರುಗೋಲು ಮೊದಲು ಹೊರಬಂತು, ಆಮೇಲೆ ಮನುಷ್ಯ. ನಲವತ್ತರ ಆಸುಪಾಸು, ಇಸ್ತ್ರಿ ಮಾಡಿದ ಬಿಳಿ ಅಂಗಿ. ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಎಡಗಾಲು ಸೊರಗಿತ್ತು. ಇಳಕಲ್ಲಿನವನು, ಹೆಂಡತಿ ಕೈಮಗ್ಗದಲ್ಲಿ ಸೀರೆ ನೇಯುತ್ತಿದ್ದಳು, ಆತ ಅವನ್ನೂ ಓಣಿಯ ಬೇರೆಯವರ ಸೀರೆಗಳನ್ನೂ ಅಂಗಡಿಗಳಿಗೆ ಮುಟ್ಟಿಸುತ್ತಿದ್ದ.

ಪುಣೆಯ ಸೀರೆ ವ್ಯಾಪಾರಿಯೊಬ್ಬ ತಾನು ಬಳಸಿ ಬೇಸತ್ತ ಕರೆಂಟಿನ ಕಾರನ್ನು ಈತನಿಗೆ ಅಗ್ಗಕ್ಕೆ ಕೊಟ್ಟಿದ್ದ. ಅಲ್ಲಿಂದ ಇಳಕಲ್ಲಿಗೆ ಟೆಂಪೊದಲ್ಲಿ ಹೇರಿಕೊಂಡು ತಂದಿದ್ದರು. ಬೇರೆ ರಾಜ್ಯದ ಗಾಡಿ, ಇಲ್ಲಿ ಮತ್ತೆ ನೋಂದಣಿ ಆಗಬೇಕು, ತೆರಿಗೆ ತುಂಬಬೇಕು.

"ಕ್ಲಚ್ ಇಲ್ರಿ, ಗೇರ್ ಬದಲಸೂದಿಲ್ರಿ. ಎಡಗಾಲಿಗೆ ಕೆಲಸಾನ ಇಲ್ಲ," ಎಂದ ಆತ. "ಇಷ್ಟ ವರ್ಷ ಬಸ್ಸಿನ ಮೆಟ್ಲ ಏರೂದ್ರಾಗ ಜೀವ ಹೋಗತಿತ್ತು. ನಾ ಏರೂದ್ರಾಗ ಕಂಡಕ್ಟರ್ ಸೀಟಿ ಊದತಿದ್ದ."

ಖರ್ಚಿನ ಬಗ್ಗೆಯೂ ಆತನಿಗೆ ಹೆಮ್ಮೆ. ರಾತ್ರಿಯಿಡೀ ಚಾರ್ಜಿಗೆ ಹಾಕಿದರೂ ಇಬ್ಬರ ಬಸ್ ಟಿಕೆಟಿನಷ್ಟು ಬರುವುದಿಲ್ಲ, ಎಣ್ಣೆ ಬದಲಿಸುವುದಿಲ್ಲ, ಬ್ಯಾಟರಿಗೆ ಆಗಾಗ ನೀರು ಹಾಕಿದರೆ ಮುಗಿಯಿತು ಎಂದ. ನನ್ನ ಸ್ಕೂಟರಿನ ಕಡೆ ನೋಡಿ, "ಪೆಟ್ರೋಲ್ ಹಾಕಿ ಹಾಕಿ ನೀವೆಲ್ಲಾ ರೊಕ್ಕ ಸುಡತೀರಿ ನೋಡ್ರಿ," ಎಂದು ನಕ್ಕ. ಸಿಟ್ಟು ಬರುವಂಥ ಮಾತೇನಲ್ಲ. ಆದರೆ ಸ್ವಲ್ಪ ಹೊತ್ತಿನ ಹಿಂದೆ ಜನರೆದುರು ಬೆಚ್ಚಿಬಿದ್ದಿದ್ದೆನಲ್ಲ, ಅದು ಮನಸ್ಸಿನಲ್ಲಿತ್ತು. ಕುಂಟನೊಬ್ಬ ನನಗೆ ಬುದ್ಧಿ ಹೇಳುತ್ತಿದ್ದಾನೆ ಎಂದು, ಅದೇ ಶಬ್ದಗಳಲ್ಲಿ, ನಾನು ಅಂದುಕೊಂಡೆ.

ಅಂಗವಿಕಲರ ಸ್ವಂತ ಗಾಡಿಗೆ ತೆರಿಗೆ ವಿನಾಯಿತಿ ಕೇಳಿ ಅರ್ಜಿ ಹಾಕಲು ಅವಕಾಶವಿತ್ತು. ಅದು ನನಗೆ ಗೊತ್ತಿತ್ತು. ಅರ್ಜಿಯ ನಮೂನೆ ನನ್ನ ಮೇಜಿನ ಖಾನೆಯಲ್ಲೇ ಇತ್ತು. ನಾನು ಹೇಳಲಿಲ್ಲ.

ಫಾರ್ಮಿನಲ್ಲಿ ಎಂಜಿನ್ ಎಷ್ಟು ಸಿ.ಸಿ. ಎಂದು ಬರೆಯುವ ಕಡೆ ಬೆರಳಿಟ್ಟು, "ಇಲ್ಲೇನ್ ಬರೀಲಿ?" ಎಂದೆ.

"ಎಂಜಿನ್ನ ಇಲ್ರಿ, ಮೋಟರ್ ಐತಿ."

"ಎಂಜಿನ್ ಇಲ್ಲದ್ದನ್ನ ಕಾರು ಅಂತ ಹೆಂಗ ಪಾಸ್ ಮಾಡತಾರ? ಹೋಗಿ ಹೊಗಿ ತಪಾಸಣಿ ಸರ್ಟಿಫಿಕೇಟ್ ತಗೊಂಡ ಬರ್ರಿ."

"ಹೊಗೀನ ಬರೂದಿಲ್ಲಲ್ರಿ."

"ಬರೂದಿಲ್ಲ ಅಂತ ಅವ್ರು ಬರದ ಕೊಡಲಿ."

ರಸ್ತೆಯ ಆಚೆ ಹೊಗೆ ತಪಾಸಣೆಯ ವ್ಯಾನು ನಿಂತಿರುತ್ತಿತ್ತು. ಆತ ಕಾರನ್ನು ಅಲ್ಲಿಗೆ ಒಯ್ದ. ವ್ಯಾನಿನವನು ಯಂತ್ರದ ಕೊಳವೆ ಹಿಡಿದುಕೊಂಡು ಕಾರಿನ ಹಿಂದೆ ಕುಕ್ಕರಗಾಲಿನಲ್ಲಿ ಕೂತು ಸೈಲೆನ್ಸರ್ ಹುಡುಕಿದ. ಸಿಗಲಿಲ್ಲ. ಚಹಾದಂಗಡಿಯಿಂದ ಜನ ಎದ್ದು ಬಂದರು. "ಇವನ ಬಾಯಾಗ ಹಾಕಲೇ," ಎಂದು ಯಾರೋ ಕೂಗಿದರು. ಹಾಗೆ ಕೂಗಿದವನು ನನ್ನ ಜೊತೆಯ ಏಜೆಂಟ್. ನಾನು ಕೂಗಲಿಲ್ಲ, ಆದರೆ ಎಲ್ಲರಿಗಿಂತ ಹೆಚ್ಚು ಹೊತ್ತು ನಕ್ಕವನು ನಾನೇ. ಆತ ತಾನೂ ನಗಲು ನೋಡಿದ. ಆಮೇಲೆ ಊರುಗೋಲು ಹುಡುಕುವವನಂತೆ ಕಾರಿನೊಳಗೆ ತಲೆ ಹಾಕಿ ಬಹಳ ಹೊತ್ತು ಹಾಗೇ ನಿಂತ. ಸರ್ಟಿಫಿಕೇಟ್ ಸಿಗದೆ ಆ ದಿನ ಊರಿಗೆ ಮರಳಿದ.

ಎರಡನೆಯ ಸಲ ಬಂದಾಗ ಗಾಡಿಯ ತಪಾಸಣೆ ಮುಗಿಯಿತು. ಒಳಗಿನ ಅಧಿಕಾರಿ ಹೊಗೆಯ ಸರ್ಟಿಫಿಕೇಟನ್ನು ಕೇಳಲೂ ಇಲ್ಲ, ಏನೂ ತಕರಾರು ಮಾಡದೆ ಸಹಿ ಹಾಕಿದರು. ಇನ್ನು ತೆರಿಗೆ ತುಂಬಿದರೆ ಆಯಿತು, ಅದಕ್ಕೆ ಗಾಡಿ ಬೇಕಿಲ್ಲ, ಆತ ಬಸ್ಸಿನಲ್ಲಿ ಬಂದರೂ ನಡೆಯುತ್ತಿತ್ತು. ನಾನು, "ಇನ್ನೊಮ್ಮಿ ಗಾಡಿ ತಗೊಂಡ ಬರಬೇಕಾಗ್ತದ," ಎಂದೆ. ಯಾಕೆ ಎಂದು ಆತ ಕೇಳಲಿಲ್ಲ.

ಇಳಕಲ್ಲಿನಿಂದ ಬಾಗಲಕೋಟೆ ಆ ಕಾರಿಗೆ ಒಂದೇ ಚಾರ್ಜಿನಲ್ಲಿ ಮುಟ್ಟುವ ದೂರವಲ್ಲ; ಬ್ಯಾಟರಿಗಳು ಹಳೆಯವು. ಹುನಗುಂದದಲ್ಲಿ ಪರಿಚಯದ ಕಿರಾಣಿ ಅಂಗಡಿಯ ಮುಂದೆ ನಿಲ್ಲಿಸಿ, ವೈರು ಸಿಕ್ಕಿಸಿ, ಮೂರು ನಾಲ್ಕು ತಾಸು ಕಾಯಬೇಕಿತ್ತು. ಮೂರನೆಯ ಸಲ ಬಂದದ್ದು ಕಡು ಬೇಸಿಗೆಯಲ್ಲಿ. ಒಬ್ಬನೇ ಹೋಗುವುದು ಬೇಡವೆಂದು ಹೆಂಡತಿಯೂ ಹೊರಟಿದ್ದಳು. ಹುನಗುಂದದಲ್ಲಿ ಕರೆಂಟು ಹೋಗಿತ್ತು. ಮಧ್ಯಾಹ್ನದವರೆಗೆ ಕಾದು, ಬಂದ ಅಷ್ಟಿಷ್ಟು ಕರೆಂಟಿನಲ್ಲಿ ತುಂಬಿಸಿಕೊಂಡು ಹೊರಟರು. ಶಿರೂರಿಗೆ ಇನ್ನೂ ಎರಡು ಮೂರು ಕಿಲೋಮೀಟರ್ ಇರುವಾಗ ಕಾರು ನಿಂತುಬಿಟ್ಟಿತು.

ಇದೆಲ್ಲ ನನಗೆ ಗೊತ್ತಾದದ್ದು ಅವರನ್ನು ಎಳೆದುಕೊಂಡು ಬಂದ ಟ್ರ್ಯಾಕ್ಟರಿನವನಿಂದ. ಗಂಡ ಕಾರಿನೊಳಗೆ ಕೂತು ಸ್ಟೇರಿಂಗ್ ಹಿಡಿದಿದ್ದ, ಹೆಂಡತಿ ಹಿಂದಿನಿಂದ ನೂಕುತ್ತಿದ್ದಳು. ನೆತ್ತಿಯ ಮೇಲೆ ಬಿಸಿಲು. ಬ್ಯಾಟರಿ ತುಂಬಿದ ಕಾರು ನೋಡಲು ಪುಟ್ಟದಾದರೂ ಭಾರ. ಶಿರೂರಿನ ಹತ್ತಿರ ಟ್ರ್ಯಾಕ್ಟರು ಸಿಗುವಷ್ಟರಲ್ಲಿ ಅವಳ ಅಂಗೈಯ ಚರ್ಮ ಕಿತ್ತುಬಂದಿತ್ತು.

ಕಚೇರಿ ಮುಚ್ಚಲು ಅರ್ಧ ತಾಸಿದ್ದಾಗ ಟ್ರ್ಯಾಕ್ಟರು, ಅದರ ಹಿಂದೆ ಹಗ್ಗ ಕಟ್ಟಿದ ಕಾರು ನಮ್ಮೆದುರು ಬಂದು ನಿಂತವು. ನಾನು ಎದ್ದು ನಿಂತು, ಎಲ್ಲರಿಗೂ ಕೇಳುವಂತೆ, "ಪೆಟ್ರೋಲ್ ಬ್ಯಾಡಂದ್ರಲ್ಲ ಸಾಹೇಬ್ರು, ಡೀಸೆಲ್ ಹಚಗೊಂಡ ಬಂದ್ರು ನೋಡ್ರಿ," ಎಂದೆ. ಎಲ್ಲರೂ ನಕ್ಕರು. ಅವಳು ಕಾರಿನ ಪಕ್ಕ ನಿಂತು ಅಂಗೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು. ಯಾರ ಮುಖವನ್ನೂ ನೋಡಲಿಲ್ಲ. ಆತ ಹಣ ಎಣಿಸಿ ಮೇಜಿನ ಮೇಲಿಟ್ಟ: ಪೂರ್ತಿ ತೆರಿಗೆ, ತಡವಾದದ್ದಕ್ಕೆ ದಂಡ, ನನ್ನ ಫೀಜು. ತಡವಾಗಲು ಕಾರಣ ನಾನು. ಅದನ್ನೂ ಅವನಿಂದಲೇ ತೆಗೆದುಕೊಂಡೆ.

"ಗಾಡಿ ಯಾಕ ತರಾಕ ಹೇಳಿದ್ರಿ ಅಣ್ಣಾರ?" ಎಂದು ಅವಳು ಮೆಲ್ಲಗೆ ಕೇಳಿದಳು. "ಅದನ್ನ ಯಾರೂ ನೋಡಲೇ ಇಲ್ಲಲ್ರಿ."

"ರೂಲ್ಸ್ ಹಂಗ ಐತವ್ವ," ಎಂದೆ.

ಮುಂದಿನ ಮಳೆಗಾಲ ಮುಗಿಯುವಷ್ಟರಲ್ಲಿ ಬ್ಯಾಟರಿಗಳು ಪೂರ್ತಿ ಕೈಕೊಟ್ಟವಂತೆ. ಹೊಸ ಸೆಟ್ಟಿನ ಬೆಲೆ ಕೇಳಿದರೆ ಕಾರಿಗೆ ಕೊಟ್ಟ ಹಣಕ್ಕೇ ಹತ್ತಿರ. ತೆರಿಗೆಗೆ ಹೋದ ದುಡ್ಡು ಉಳಿದಿದ್ದರೆ ಅರ್ಧ ಸೆಟ್ಟಾದರೂ ಬರುತ್ತಿತ್ತು. ಬ್ಯಾಟರಿಯ ಸೀಸಕ್ಕೆ ಆಸೆಪಟ್ಟು ಗುಜರಿಯವನೊಬ್ಬ ಕಾರನ್ನು ಒಯ್ದನಂತೆ.

ಇದನ್ನು ಹೇಳಿದವನು ಕಾರು ಕಳೆದುಕೊಂಡ ಆತನೇ. ಒಂದು ದಿನ ಬಸ್ಸಿನಲ್ಲಿ ಬಂದು, ನಿಲ್ದಾಣದಿಂದ ಊರುಗೋಲು ಊರುತ್ತ ನನ್ನ ಮೇಜಿನ ತನಕ ನಡೆದು ಬಂದಿದ್ದ. ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು. ಬಾದಾಮಿಯ ಸೀರೆ ಅಂಗಡಿಯಲ್ಲಿ ಯಾರೋ ಮಾತಿಗೆ ವಿನಾಯಿತಿಯ ಸಂಗತಿ ಹೇಳಿದ್ದರಂತೆ.

"ನಮ್ಮಂಥವರಿಗೆ ತೆರಿಗಿ ಮಾಫಿ ಮಾಡತಾರಂತಲ್ರಿ. ನಿಮಗ ಗೊತ್ತಿತ್ತೇನ್ರಿ?"

"ಇಲ್ಲ," ಎಂದೆ.

"ತುಂಬಿದ್ದು ವಾಪಸ್ ಬರತೈತೇನ್ರಿ?"

"ಬರೂದಿಲ್ಲ," ಎಂದೆ. ಬರುತ್ತದೋ ಇಲ್ಲವೋ ನನಗೆ ನಿಜಕ್ಕೂ ಗೊತ್ತಿರಲಿಲ್ಲ. ಎದ್ದು ಒಳಗೆ ಹೋಗಿ ಒಂದು ಮಾತು ಕೇಳಬಹುದಿತ್ತು. ಇಪ್ಪತ್ತು ಹೆಜ್ಜೆ ದೂರ.

ಆತ ಎದುರಿನ ಕುರ್ಚಿಯಲ್ಲಿ ಕೂತ. ನಾನು ಬೇರೆಯವರ ಫಾರ್ಮು ತುಂಬುತ್ತಲೇ ಇದ್ದೆ.

"ರೊಕ್ಕ ಹೋತು, ಗಾಡಿ ಹೋತು, ಇರಲಿ," ಎಂದ ಆತ. "ನನಗ ನಕ್ಕಿದ್ರೂ ನಡೀತಿತ್ತು, ಸಣ್ಣಂವ ಇದ್ದಾಗಿಂದ ಕೇಳೇನಿ. ನನ್ನ ಹೆಂಡ್ತಿ ಮುಂದ ನೀವು ನಗಬಾರದಿತ್ತು. ಅಕಿ ಕೈ ಮಾಯಾಗಾಕ ತಿಂಗಳ ಹಿಡೀತು. ತಿಂಗಳತನಾ ಮಗ್ಗಕ್ಕ ಕೂಡಲಿಲ್ಲ."

ಆತ ಎದ್ದು ಹೊರಟ. ಊರುಗೋಲಿನ ಸದ್ದು ರಸ್ತೆ ದಾಟಿ ಹೋಗುವ ತನಕ ಕೇಳಿಸಿತು.

ಆ ದಿನದಿಂದ ಬದಲಾದೆ, ಅಂಥವರು ಬಂದಾಗಲೆಲ್ಲ ಖಾನೆ ತೆರೆದು ಆ ನಮೂನೆ ಕೊಟ್ಟೆ ಎಂದು ಬರೆಯಲು ಕೈ ತುಡಿಯುತ್ತದೆ. ಕೊಡಲಿಲ್ಲ. ಕೇಳಿದವರಿಗೆ ಕೊಟ್ಟೆ, ಅದೂ ದುಡ್ಡು ತೆಗೆದುಕೊಂಡು. ಕೇಳದವರಿಗೆ ಹೇಳಲಿಲ್ಲ. ಆ ಮೇಜಿನ ಹಿಂದೆ ಇನ್ನೂ ನಾಲ್ಕು ವರ್ಷ ಕೂತಿದ್ದೆ.